ಹಿಂತಿರುಗಿ ಬಂದ ಹೆಜ್ಜೆ

ಹಿಮವೆಂದರೆ ಅರಳೆಯಂತೆ ಮೆತ್ತಗಿನ ಪದಾರ್ಥವೆಂದು ಬಸವನಗುಡಿಯ ಮನೆಯ ಜಗಲಿಯಲ್ಲಿ ಕುಳಿತು ಅರವತ್ತು ವರ್ಷ ನಂಬಿಕೊಂಡಿದ್ದವನು ನಾನು. ಆ ನಂಬಿಕೆ ಕಳೆಯಲು 10-12 ನಿಮಿಷ ಸಾಕಾಯಿತು.

2022ರ ಮಾರ್ಚ್ ತಿಂಗಳು. ಹಿಂದೆಲ್ಲ ಚಳಿಗಾಲ ಬಂತೆಂದರೆ ರೋಹತಾಂಗ್ ಘಾಟಿಯ ದಾರಿ ಮುಚ್ಚಿ, ಹಿಮಾಚಲದ ಲಾಹೌಲ ಸೀಮೆ ಹೊರಜಗತ್ತಿಗೆ ಬಾಗಿಲಿಕ್ಕಿಕೊಳ್ಳುತ್ತಿತ್ತು. 2020ರ ಅಕ್ಟೋಬರಿನಲ್ಲಿ 9 ಕಿಲೋಮೀಟರ್ ಉದ್ದದ ಅಟಲ್ ಸುರಂಗ ತೆರೆದ ಮೇಲೆ, ನನ್ನಂಥ ನಿವೃತ್ತ ಗುಮಾಸ್ತರೂ ಮನಾಲಿಯಲ್ಲಿ ತಿಂಡಿ ತಿಂದು, ಆಚೆಗೆ ಹೋಗಿ ಹಿಮ ನೋಡಿ, ಸಂಜೆಗೆ ಹಿಂತಿರುಗಬಹುದು.

ಸುರಂಗ ದಾಟಿದ ಮೇಲೆ ಡ್ರೈವರ್ ಚಹಕ್ಕೆಂದು ಕಾರು ನಿಲ್ಲಿಸಿದ. ಫೋಟೋ ತೆಗೆಯುವ ಚಪಲದಿಂದ ನಾನು ರಸ್ತೆಯ ತಿರುವು ಬಳಸಿ ಎರಡು ಫರ್ಲಾಂಗು ನಡೆದೆ. "ಬಿಸಿಲೇರಿದ ಮೇಲೆ ಇಳಿಜಾರಿನ ಕೆಳಗೆ ಹೋಗಬೇಡಿ" ಎಂದು ಅವನು ಹೇಳಿದ್ದ. ಎರಡು ದಿನದ ಹಿಂದೆ ಬಿದ್ದ ಹೊಸ ಹಿಮ ಹಳೆಯದರ ಮೇಲೆ ಇನ್ನೂ ಸರಿಯಾಗಿ ಕೂತಿರಲಿಲ್ಲ. ನಡುಹಗಲ ಬಿಸಿಲು ಅದನ್ನು ಸಡಿಲಿಸುತ್ತದೆ. ಆದರೆ ಹಿರಿಯರಿಗೆ ಬುದ್ಧಿ ಹೇಳುವವರ ಮಾತು ಹಿರಿಯರು ಕೇಳುವುದುಂಟೆ?

ಮೇಲೆ ಯಾರೋ ದೊಡ್ಡ ಜಮಖಾನ ಎಳೆದಂಥ ಸದ್ದಾಯಿತು. ತಲೆಯೆತ್ತುವುದರೊಳಗೆ ಕಾಲ ಕೆಳಗಿನ ನೆಲ ಹೊರಟುಹೋಗಿತ್ತು. ಉರುಳಿದೆ, ಉರುಳಿದೆ, ನಿಂತೆ. ನಿಂತೊಡನೆ ಸುತ್ತಲ ಹಿಮ ಗಾರೆಯಂತೆ ಬಿಗಿದುಕೊಂಡಿತು. ಬೆರಳು ಮಡಿಸಲೂ ಆಗದು. ಬಲಗೈ ದೈವವಶಾತ್ ಮುಖದ ಮುಂದೆ ಸಿಕ್ಕಿಕೊಂಡಿತ್ತು. ಅಂಗೈಯಷ್ಟು ಗಾಳಿ ಉಳಿದಿತ್ತು. ಎಡಗೈ ಎಲ್ಲಿದೆಯೋ ತಿಳಿಯದು. ಬಾಯಿಂದ ಜಿನುಗಿದ ಎಂಜಲು ಹಣೆಯ ಕಡೆಗೆ ಹರಿದಾಗ, ನಾನು ತಲೆಕೆಳಗಾಗಿದ್ದೇನೆಂದು ಅರ್ಥವಾಯಿತು.

ಆಗ ಹೆಜ್ಜೆಯ ಸದ್ದು ಕೇಳಿಸಿತು. ಕಿರ್ರ್, ಕಿರ್ರ್ ಎಂದು ಹತ್ತಿರ ಬಂತು, ನಿಂತಿತು. ಕೂಗಿದೆ. ಹೊರಗಿನ ಸದ್ದು ಹಿಮದೊಳಕ್ಕೆ ಇಳಿದರೂ ಒಳಗಿನವನ ಕೂಗು ಹೊರಕ್ಕೆ ಹೋಗುವುದು ಕಷ್ಟವೆಂದು ಆಗ ನನಗೆ ಗೊತ್ತಿರಲಿಲ್ಲ. ಹೆಜ್ಜೆ ತಿರುಗಿತು. ಓಡುತ್ತ ದೂರವಾಯಿತು.

ಆ ಮೌನವನ್ನು ನಾನು ವರ್ಣಿಸಲಾರೆ. ಮನೆಯಾಕೆಯ ಮುಖ ನೆನಪಾಯಿತು ಎಂದರೆ ಚೆನ್ನಾಗಿರುತ್ತದೆ. ನಿಜವಾಗಿ ನೆನಪಾದದ್ದು, ಪಿಂಚಣಿಯ ಕಾಗದಗಳನ್ನು ಯಾವ ಬೀರುವಿನಲ್ಲಿಟ್ಟಿದ್ದೇನೆಂದು ಅವಳಿಗೆ ಹೇಳಿಲ್ಲವಲ್ಲ ಎಂಬುದು.

ಹೆಜ್ಜೆ ಮತ್ತೆ ಬಂತು. ಈ ಸಲ ಸಲಿಕೆಯ ಸದ್ದೂ ಕೂಡಿತ್ತು.

ಹೊರಗೆಳೆದವನು ರಸ್ತೆಯ ಹಿಮ ತೆಗೆಯುವ ಕೂಲಿ. ಜಾರ್ಖಂಡದ ದುಮ್ಕಾ ಕಡೆಯವನು. ಅವನೂರಿನಲ್ಲೂ ಹಿಮವಿಲ್ಲ. ನನ್ನ ಹರಕು ಹಿಂದಿಯಲ್ಲಿ, "ಮೊದಲು ಯಾಕೆ ಹೋದೆ?" ಎಂದು ಕೇಳಿದೆ. ಅವನು ಮುಚ್ಚುಮರೆಯಿಲ್ಲದೆ, "ಮೇಲೆ ಇನ್ನೂ ಹಿಮವಿತ್ತು ಬಾಬು, ಹೆದರಿ ಓಡಿದೆ. ತಿರುಗಿ ನೋಡಿದರೆ ಕೆಂಪು ಗವಸು ಅಲ್ಲಾಡಿತು" ಎಂದ. ಮನೆಯಾಕೆ ಹೆಣೆದ ಗವಸು! ಎಡಗೈ ಹೊರಗೇ ಇತ್ತು. ಅದನ್ನು ಅಲ್ಲಾಡಿಸಿದ ನೆನಪು ನನಗಿಲ್ಲ.

ಹಿಮಕುಸಿತವೆಂದರೆ ಕನ್ನಡಿಗರಿಗೆ ನೆನಪಾಗುವವರು ಧಾರವಾಡ ಜಿಲ್ಲೆಯ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. 2016ರ ಫೆಬ್ರವರಿಯಲ್ಲಿ ಸಿಯಾಚಿನ್ನಿನ ಹಿಮದಡಿ ಆರು ದಿನವಿದ್ದೂ ಜೀವಂತವಾಗಿ ಸಿಕ್ಕ ಆ ಯೋಧರು ದೆಹಲಿಯ ಆಸ್ಪತ್ರೆಯಲ್ಲಿ 11ರಂದು ತೀರಿಕೊಂಡರು. ಅದು ಸಾಮಾನ್ಯರ ಲೆಕ್ಕಕ್ಕೆ ಸಿಗುವ ಸಂಗತಿಯಲ್ಲ. ಪೂರ್ತಿ ಹೂತವರನ್ನು 10 ನಿಮಿಷದೊಳಗೆ ತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಉಳಿಯುತ್ತಾರೆ. ಅರ್ಧ ಗಂಟೆಯಾದರೆ ಸುಮಾರು ಮೂವರು. ಎಷ್ಟೇ ಸಮರ್ಥ ಪಡೆಯಾಗಲಿ, ಕರೆ ಮುಟ್ಟಿ ಬರುವ ವೇಳೆಗೆ ಹೊತ್ತು ಮೀರಿರುತ್ತದೆ. ಉಳಿಸುವವನು ದಾರಿಹೋಕನೇ.

ನಡುಗುವ ಕೈಯಿಂದ ಜೇಬಿನಲ್ಲಿದ್ದ ನೋಟುಗಳನ್ನೆಲ್ಲ ಅವನಿಗೆ ಕೊಟ್ಟೆ. ಬೇಡವೆನ್ನಲಿಲ್ಲ; ಮಡಿಸಿಟ್ಟುಕೊಂಡು ಸಲಿಕೆ ಹೆಗಲಿಗೇರಿಸಿ ಹೊರಟ. ಲೆಕ್ಕ ಚುಕ್ತಾ ಆಯಿತೆಂದು ನನ್ನ ಗುಮಾಸ್ತ ಬುದ್ಧಿಗೆ ಸಮಾಧಾನವಾಯಿತು. ಹೆಸರು ಕೇಳಲಿಲ್ಲವೆಂಬುದು ಹೊಳೆದದ್ದು ಸುರಂಗದ ನಡುವೆ.

ಧೈರ್ಯಶಾಲಿಗಳೆಂದರೆ ಓಡದವರು ಎಂದು ತಿಳಿದಿದ್ದೆ. ಓಡಿ, ಮತ್ತೆ ಬರುವವರೂ ಉಂಟು. ಇದು ನನ್ನಂಥ ಪುಕ್ಕಲರಿಗೆ ದೊಡ್ಡ ಸಮಾಧಾನ. ಹೋದ ತಿಂಗಳು ಗಾಂಧಿಬಜಾರಿನ ಬಳಿ ಸ್ಕೂಟರಿನಿಂದ ಒಬ್ಬ ಹುಡುಗ ಬಿದ್ದ. ಪೊಲೀಸು, ಸಾಕ್ಷಿ ಎಂಬ ಗೋಜು ಯಾರಿಗೆ ಬೇಕೆಂದು ಹತ್ತು ಹೆಜ್ಜೆ ಮುಂದೆ ಹೋದೆ. ಕಿರ್ರ್ ಎಂಬ ಆ ಸದ್ದು ಕಿವಿಯಲ್ಲಿ ಕೇಳಿಸಿತು. ತಿರುಗಿದೆ.