ಹಳೆಯ ಜೀಪಿನ ನಿಜವಾದ ಬೆಲೆ

ಕೊಂಡ ವಸ್ತುವಿನ ಬೆಲೆಯು ಹಣವನ್ನು ಎಣಿಸಿಕೊಟ್ಟ ದಿನಕ್ಕೇ ಮುಗಿಯುವುದೆಂದು ನಾನು ಬಹುಕಾಲ ನಂಬಿದ್ದೆನು. ಹೋದ ವರ್ಷ ಹಳೆಯ ಜೀಪೊಂದನ್ನು ಕೊಳ್ಳಹೊರಟಾಗ ಆ ನಂಬಿಕೆಯು ಅಳಿಯಿತು. ಸಂಸಾರಸ್ಥರಾದ ವಾಚಕರಿಗೆ ಉಪಯೋಗವಾದೀತೆಂದು ಆ ಸಂಗತಿಯನ್ನು ಇಲ್ಲಿ ಅರಿಕೆ ಮಾಡುತ್ತೇನೆ.

ನಮ್ಮದು ನಂಜನಗೂಡು ತಾಲ್ಲೂಕಿನ ಹೆಡತಲೆ; ಹೊಯ್ಸಳರ ಕಾಲದ ಲಕ್ಷ್ಮೀಕಾಂತಸ್ವಾಮಿಯ ಗುಡಿಯುಳ್ಳ ಊರು. ಆದರೆ ನಾವು ವಾಸಿಸುವುದು ಹೊಲದಲ್ಲಿ ಕಟ್ಟಿಕೊಂಡ ಮನೆಯಲ್ಲಿ. ಬೇಸಗೆಯಲ್ಲಿ ಅಲ್ಲಿಗೆ ಯಾವ ವಾಹನವಾದರೂ ಬಂದೀತು. ಮಳೆ ಹಿಡಿದರೆ ದಾರಿಯ ಜಿಗುಟುಮಣ್ಣು ಚಕ್ರಗಳಿಗೆ ಮೆತ್ತಿಕೊಂಡು ಮುಂದೆ ಹೋಗಗೊಡದು. ಅದರ ಹಿಂದಿನ ಮಳೆಗಾಲದಲ್ಲಿ, ಎಂಬತ್ತು ದಾಟಿದ ನನ್ನ ತಾಯಿಯವರಿಗೆ ನಡುರಾತ್ರಿ ಉಸಿರು ಕಟ್ಟಿತು. ಬಾಡಿಗೆಯ ಕಾರು ಟಾರುರಸ್ತೆಯಲ್ಲಿಯೇ ನಿಂತಿತು. ಟ್ರಾಕ್ಟರಿನ ಟ್ರೈಲರಿನಲ್ಲಿ ಹುಲ್ಲು ಹಾಸಿ, ಮೇಲೆ ಟಾರ್ಪಾಲು ಹಿಡಿದು, ಅವರನ್ನು ರಸ್ತೆಗೆ ಸಾಗಿಸಿದೆವು. ದೇವರ ದಯೆಯಿಂದ ಅವರು ಉಳಿದರು. ಆದರೆ ಆ ಕುಲುಕಾಟದಲ್ಲಿ ಅವರು ನನ್ನ ಕೈಯನ್ನು ಹಿಡಿದ ಹಿಡಿತವನ್ನು ನಾನು ಮರೆತಿಲ್ಲ.

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕಾಗಿ ಹುಟ್ಟಿದ ಜೀಪು, 1947ರಿಂದ ನಮ್ಮ ದೇಶದಲ್ಲಿಯೂ ಜೋಡಣೆಗೊಂಡು ಹಳ್ಳಿಗಳಿಗೆ ಪರಿಚಿತವಾದ ಗಾಡಿ. ಅಂಥದೊಂದನ್ನು ನನ್ನ ಮಗನು ಮೈಸೂರಿನಲ್ಲಿ ಗೊತ್ತುಮಾಡಿ ಬಂದನು. ಕೇಳಿದ ಬೆಲೆ 1,80,000 ರೂಪಾಯಿ, ನಮ್ಮಲ್ಲಿದ್ದುದು 2,00,000. “ಅಪ್ಪಾ, ಇನ್ನೂ ಇಪ್ಪತ್ತು ಸಾವಿರ ಉಳಿಯುತ್ತದೆ” ಎಂದು ಹಿಗ್ಗಿದನು. ನಾನೂ ಹಿಗ್ಗಿದೆನು.

ಮಂಚದ ಮೇಲಿದ್ದ ತಾಯಿಯವರು ಕೇಳಿದರು: “ನಿಮ್ಮಪ್ಪ ಮುಡುಕುತೊರೆ ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಹಲ್ಲು ನೋಡುತ್ತಿದ್ದರು, ಸುಳಿ ನೋಡುತ್ತಿದ್ದರು, ನೊಗ ಹೂಡಿ ಎಳೆಸಿ ನೋಡದೆ ಹಣ ಬಿಚ್ಚುತ್ತಿರಲಿಲ್ಲ. ನೀವು ಬರಿಯ ಬಣ್ಣ ನೋಡಿ ಬಂದಿರಾ?”

ಆ ಮಾತು ನಾಟಿತು. ಪರಿಚಯದ ಮೆಕ್ಯಾನಿಕರೊಬ್ಬರನ್ನು ಕರೆದೊಯ್ದೆವು. ಅವರು ಎಂಜಿನು ತಣ್ಣಗಿರುವಾಗಲೇ ಚಾಲೂ ಮಾಡಿಸಿದರು. ಬಿಸಿಯಾದ ಎಂಜಿನು ತನ್ನ ದೋಷವನ್ನು ಮುಚ್ಚಿಡಬಲ್ಲದಂತೆ. ಚಾಸಿಯ ತುಕ್ಕನ್ನು ತಟ್ಟಿ ಪರೀಕ್ಷಿಸಿದರು. ಬಳಿಕ ಗಾಡಿಯನ್ನು ಸಡಿಲ ಮಣ್ಣಿಗೆ ಇಳಿಸಿ, ನಾಲ್ಕು ಚಕ್ರಗಳನ್ನೂ ಎಳೆಸುವ ಗೇರನ್ನು ಹಾಕಿದರು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಉರುಳಬೇಕು. ಇಂತಹ ಗಾಡಿಯಲ್ಲಿ ಆ ಗೇರು ಎರಡು ಅಚ್ಚುಗಳನ್ನೂ ಬಿಗಿಯಾಗಿ ಕೂಡಿಸುವುದು. ಮಣ್ಣಿನಲ್ಲಿ ಚಕ್ರವು ಕೊಂಚ ಜಾರಿ ಬಿಗುಪನ್ನು ಕಳೆಯುವುದು. ಒಣಗಿದ ಟಾರಿನಲ್ಲಿ ಜಾರದೆ ಗೇರುಗಳೇ ಪೆಟ್ಟು ತಿನ್ನುವುವು. ನಾಲ್ಕು ಟೈರುಗಳೂ ಒಂದೇ ಅಳತೆಯವಾಗಿ, ಒಂದೇ ಸಮನೆ ಸವೆದಿರಬೇಕೆಂಬುದಕ್ಕೂ ಇದೇ ಕಾರಣ.

ಗೇರು ಬಿದ್ದೊಡನೆ ಮುಂಭಾಗದಲ್ಲಿ ಕಟಕಟ ಸದ್ದಾಯಿತು. ಮುಂದಿನ ಡಿಫರೆನ್ಷಿಯಲ್ಲಿನ ಎಣ್ಣೆಯು ಮಜ್ಜಿಗೆಯಂತೆ ಬಿಳುಪಾಗಿತ್ತು, ನೀರು ಸೇರಿತ್ತು. ಅದಕ್ಕೂ ಜಾಯಿಂಟುಗಳಿಗೂ 21,000, ಟೈರುಗಳಿಗೆ 24,000, ಬ್ರೇಕು ಸ್ಟೇರಿಂಗುಗಳಿಗೆ 14,000, ಕ್ಲಚ್ಚಿಗೆ 12,000, ಒಟ್ಟು 71,000. ಅಲ್ಲಿಗೆ ಜೀಪಿನ ಬೆಲೆ 2,51,000 ಆಯಿತು. ಮಾರುವವರು ಹತ್ತು ಸಾವಿರಕ್ಕಿಂತ ಹೆಚ್ಚು ಇಳಿಸಲೊಪ್ಪಲಿಲ್ಲ.

“ಮುಂದಿನ ಅಚ್ಚಿನ ಕೆಲಸವನ್ನು ಆಮೇಲೆ ಮಾಡಿಸೋಣ” ಎಂದನು ಮಗ. ಆ ಒಂದು ಕೆಲಸಕ್ಕಾಗಿಯೇ ಅಲ್ಲವೆ ನಾವು ಜೀಪನ್ನು ಬಯಸಿದ್ದು! ವರ್ಷದ ಹತ್ತು ತಿಂಗಳು ಬೇಡವಾದ ಭಾಗವೇ ಆ ರಾತ್ರಿಯಂತಹ ರಾತ್ರಿಯಲ್ಲಿ ಪ್ರಾಣವನ್ನು ಕಾಯಬೇಕಾದುದು. ಮನೆಯಾಕೆಯು ತನ್ನ ಬಳೆಗಳನ್ನು ಬಿಚ್ಚಿ ಮುಂದಿಟ್ಟಳು. ಅವನ್ನು ಮುಟ್ಟಲು ನನಗೆ ಮನಸ್ಸಾಗಲಿಲ್ಲ. ಆ ಗಾಡಿಯನ್ನು ಬಿಟ್ಟೆವು.

ಎರಡು ತಿಂಗಳ ಮೇಲೆ ತಿರುಮಕೂಡಲು ನರಸೀಪುರದ ಕಡೆ ಬಣ್ಣಗೆಟ್ಟ ಜೀಪೊಂದು 2,05,000ಕ್ಕೆ ದೊರೆಯಿತು. ಮೊದಲಿನದಕ್ಕಿಂತ 25,000 ಹೆಚ್ಚು. ಆದರೆ ಅದರ ರಿಪೇರಿ 19,000ಕ್ಕೆ ಮುಗಿಯಿತು. ನಮ್ಮಲ್ಲಿ ಸಾಲದೆ ಬಂದ 24,000ವನ್ನು ಭತ್ತ ಮಾರಿ ತುಂಬಿದೆವು. ಹದಿನೈದು ವರ್ಷ ಕಳೆದ ಸ್ವಂತ ಬಳಕೆಯ ವಾಹನಕ್ಕೆ ಐದೈದು ವರ್ಷಕ್ಕೊಮ್ಮೆ ಪರೀಕ್ಷೆಯಾಗಿ ನೋಂದಣಿಯು ನವೀಕರಣವಾಗಬೇಕು. ಆ ಅವಧಿಯೆಷ್ಟು ಉಳಿದಿದೆ, ವಾಹನದ ಮೇಲೆ ಸಾಲವಿದೆಯೇ ಎಂಬುದನ್ನೂ ಕಾಗದಪತ್ರಗಳಲ್ಲಿ ಮೊದಲೇ ನೋಡಿಕೊಂಡೆವು.

ಈ ಆಷಾಢದ ಮಳೆಯಲ್ಲಿ ತಾಯಿಯವರನ್ನು ವೈದ್ಯರಿಗೆ ತೋರಿಸಲು ನಂಜನಗೂಡಿಗೆ ಕರೆದೊಯ್ದೆವು. ಕೆಸರಿನಲ್ಲಿ ಮಗನು ಗೇರು ಹಾಕಿದನು; ಗಾಡಿಯು ತಡವರಿಸದೆ ರಸ್ತೆಗೆ ಏರಿತು. ಅವರು ಸೆರಗನ್ನು ಸರಿಪಡಿಸಿಕೊಂಡು, “ಎತ್ತು ನೋಡಿಯೇ ತಂದಿದ್ದೀರಿ” ಎಂದರು.