ಕಣಿವೆಯ ಸಾರ್ವಭೌಮ

ಸ್ಕಾಟ್ಲೆಂಡಿನ ರಾಜಧಾನಿಯಾದ ಎಡಿನ್‌ಬರೋ ನಗರದಲ್ಲಿ ಹಳೆಯ ಪೇಟೆಗೂ ಹೊಸ ಪೇಟೆಗೂ ನಡುವೆ ಮಣ್ಣಿನ ದಿಬ್ಬವೊಂದುಂಟು. ಅದರ ಮೇಲೆ ಯವನಶೈಲಿಯ ಕಂಬಗಳುಳ್ಳ ರಾಷ್ಟ್ರೀಯ ಚಿತ್ರಶಾಲೆಯು ಶೋಭಿಸುತ್ತಿರುವುದು. ಆ ದೇಶಕ್ಕೆ ಹೋಗುವ ವಾಚಕರು ಅಲ್ಲಿ ತಪ್ಪದೆ ನೋಡಬೇಕಾದುದು, ಸರ್ ಎಡ್ವಿನ್ ಲ್ಯಾಂಡ್‌ಸೀಯರನು 1851ರ ಸುಮಾರಿನಲ್ಲಿ ಬರೆದ ‘ಕಣಿವೆಯ ಸಾರ್ವಭೌಮ’ನೆಂಬ ಚಿತ್ರ.

ಸುಮಾರು 5½ ಅಡಿ ಅಗಲ, ಅಷ್ಟೇ ಎತ್ತರದ ಪಟವದು. ಹಿಂದೆ ಮಂಜು ಮುಸುಕಿದ ಗಿರಿಶಿಖರಗಳು. ಮುಂದೆ ಕುರುಚಲು ಗಿಡಗಳ ನಡುವೆ ತಲೆಯೆತ್ತಿ ನಿಂತ ಸಾರಂಗ. ಮೂಗಿನ ತೇವ, ಕೊರಳಿನ ಒತ್ತುಗೂದಲು, ದೂರಕ್ಕೆ ನೆಟ್ಟ ದೃಷ್ಟಿ, ಒಂದೊಂದೂ ಜೀವಂತವೆನಿಸುವುದು. ಕವಲುಗೊಂಬುಗಳಲ್ಲಿ 12 ಮೊನೆಗಳಿವೆ. ಬೇಟೆಗಾರರ ಪರಿಭಾಷೆಯಲ್ಲಿ 12 ಮೊನೆಯುಳ್ಳದ್ದು ರಾಜಸಾರಂಗ ಮಾತ್ರ. ಸಾರ್ವಭೌಮನೆನಿಸಲು 16 ಬೇಕಂತೆ! ಚಿತ್ರದ ಹೆಸರೇ ಅತಿಶಯೋಕ್ತಿಯಾಯಿತು. ಬಹುಕಾಲ ಅಲಂಕಾರಶಾಸ್ತ್ರವನ್ನು ಪಾಠ ಹೇಳಿದ ನನಗೆ ಈ ದೋಷವು ಕ್ಷಮ್ಯವಾಗಿಯೇ ತೋರಿತು.

ಚಿತ್ರವನ್ನು ಬರೆದದ್ದು ಲಂಡನ್ನಿನ ಪ್ರಭುಸಭೆಯ ಉಪಾಹಾರಮಂದಿರದ ಗೋಡೆಗಾಗಿ. ಅದಕ್ಕೆ ಹಣವನ್ನು ಕೊಡಲು ಕೆಳಮನೆಯವರು ಒಪ್ಪಲಿಲ್ಲ. ಪಟವು ಖಾಸಗಿಯವರ ಪಾಲಾಯಿತು. ಸಾಬೂನು, ವಿಸ್ಕಿಗಳ ಜಾಹೀರಾತುಗಳಲ್ಲಿ ಮೆರೆದು, ಕಡೆಗೆ 2017ರಲ್ಲಿ 40 ಲಕ್ಷ ಪೌಂಡುಗಳಿಗೆ ಈ ಚಿತ್ರಶಾಲೆಯನ್ನು ಸೇರಿತು.

ಲ್ಯಾಂಡ್‌ಸೀಯರನು ಲಂಡನ್ನಿನವನು. 1824ರಲ್ಲಿ ಮೊದಲು ಸ್ಕಾಟ್ಲೆಂಡಿನ ಮಲೆನಾಡನ್ನು ಕಂಡು ಮರುಳಾದನು, ತಾನೂ ಬೇಟೆಯಾಡಿದನು. 1846ರ ಅವನ ಇನ್ನೊಂದು ಚಿತ್ರದಲ್ಲಿ ನಾಯಿಗಳಿಗೆ ಸಿಕ್ಕಿಬಿದ್ದ ಸಾರಂಗವು ಸರೋವರದ ನೀರಿನಲ್ಲಿ ಹೋರಾಡುತ್ತಿದೆ. ಶಾಕುಂತಲದ ಮೊದಲಂಕದಲ್ಲಿ ದುಷ್ಯಂತನ ಬಾಣವನ್ನು ತಡೆಯಲು ತಪಸ್ವಿಗಳಾದರೂ ಬರುವರು. ಇಲ್ಲಿ ಬರುವವರಾರೂ ಇಲ್ಲ.

‘ಸಾರ್ವಭೌಮ’ನ ಕಣಿವೆಯಲ್ಲಂತೂ ಮನುಷ್ಯನ ಸುಳಿವೇ ಇಲ್ಲ. ನೋಡುವವರು ಇದನ್ನು ಪ್ರಕೃತಿಯ ಏಕಾಂತವೆಂದು ಕೊಂಡಾಡುವುದುಂಟು. ಆದರೆ ಆ ನಾಡಿನ ಎಷ್ಟೋ ಕಣಿವೆಗಳು ತಾವಾಗಿ ಬರಿದಾದುವಲ್ಲ. 18ನೆಯ ಶತಮಾನದ ಉತ್ತರಾರ್ಧದಿಂದ ಭೂಮಾಲಿಕರು, ಗೇಲಿಕ್ ನುಡಿಯಾಡುತ್ತಿದ್ದ ಒಕ್ಕಲುಗಳನ್ನು ತಲೆತಲಾಂತರದ ನೆಲದಿಂದೆಬ್ಬಿಸಿ, ಅಲ್ಲಿ ಕುರಿಗಳನ್ನು ಮೇಯಬಿಟ್ಟರು. 1814ರಲ್ಲಿ ಸ್ಟ್ರಾತ್‌ನೇವರ್ ಕಣಿವೆಯಲ್ಲಿ ಮನೆಗಳಿಗೆ ಬೆಂಕಿಯನ್ನಿಟ್ಟರು. ಕೆಲವರು ಕಡಲದಡದ ಬರಡು ನೆಲಕ್ಕೆ ಸರಿದರು. ಅನೇಕರು ಕೆನಡಾಕ್ಕೆ ಹಡಗು ಹತ್ತಿದರು. ಮುಂದೆ ಕುರಿಯ ಲಾಭವೂ ಕುಗ್ಗಲು, ಆ ಭೂಮಿಯಲ್ಲಿ ಬಹುಭಾಗವು ಧನಿಕರ ಸಾರಂಗಬೇಟೆಗೆ ಮೀಸಲಾಯಿತು.

ಆ ಸಾರಂಗದ ಹಿಂದಿನ ಮಂಜನ್ನು ನಾನು ಬಹಳ ಹೊತ್ತು ನೋಡುತ್ತ ನಿಂತೆನು. ಒಲೆಯ ಹೊಗೆಯೇಳುವ ಒಂದು ಗುಡಿಸಲೂ ಅಲ್ಲಿ ಕಾಣಲಿಲ್ಲ.