ವರಸೆ ಕಲಿತ ಹೆಣ್ಣುಮಗಳು

ಈ ಸ್ಮರಣಸಂಚಿಕೆಗೆ ಒಬ್ಬ ಸ್ತ್ರೀಯ ಜೀವನವೃತ್ತಾಂತವನ್ನು ಬರೆದುಕೊಡಬೇಕೆಂದು ಸಂಪಾದಕಿಯವರು ನಮಗೆ ಅಪ್ಪಣೆ ಮಾಡಿದಾಗ, ವೈದ್ಯೆಯರು, ಉಪಾಧ್ಯಾಯಿನಿಯರು, ದಾದಿಯರು ಇವರ ಹೆಸರುಗಳೇ ಮೊದಲು ನೆನಪಿಗೆ ಬಂದುವು. ಅಂಥವರನ್ನು ಕುರಿತು ಹಿಂದಿನ ಸಂಚಿಕೆಗಳಲ್ಲಿ ನಮಗಿಂತ ಬಲ್ಲವರು ಬರೆದಿದ್ದಾರೆ. ಆದಕಾರಣ ನಾವು ಬೇರೊಂದು ದಾರಿಯನ್ನು ಹಿಡಿದು, ಕಾಲಿನಿಂದ ಒದೆಯುವುದನ್ನೂ ಕೋಲು ಕತ್ತಿಗಳನ್ನು ತಿರುಗಿಸುವುದನ್ನೂ ಕಸುಬಾಗಿ ಮಾಡಿಕೊಂಡು, ಅನಂತರ ಚಲಚ್ಚಿತ್ರಗಳಲ್ಲಿ ನಟಿಸಿದ ಅಮೆರಿಕದ ಸ್ತ್ರೀಯೊಬ್ಬರನ್ನು ಆರಿಸಿಕೊಂಡಿದ್ದೇವೆ. ಅವರ ಹೆಸರು ಸಿಂಥಿಯಾ ರಾಥ್‌ರಾಕ್. ಪೋಷಕರಲ್ಲಿ ಕೆಲವರು ಇದೆಂಥ ವಿಷಯವೆಂದು ಹುಬ್ಬೇರಿಸಬಹುದು. ಅಂಥವರು ಒಂದೆರಡು ಪುಟಗಳ ಮಟ್ಟಿಗೆ ತಾಳ್ಮೆ ತಂದುಕೊಳ್ಳಬೇಕೆಂದು ಪ್ರಾರ್ಥಿಸುತ್ತೇವೆ; ಈ ಬರೆಹವು ಮುಖ್ಯವಾಗಿ ಅವರಿಗಾಗಿಯೇ ಬರೆದುದು.

ಸಿಂಥಿಯಾ ಅವರು ೧೯೫೭ನೆಯ ಇಸವಿ ಮಾರ್ಚಿ ೮ನೆಯ ತಾರೀಖಿನಂದು ಡೆಲವೇರ್ ಸಂಸ್ಥಾನದ ವಿಲ್ಮಿಂಗ್ಟನ್ ಪಟ್ಟಣದಲ್ಲಿ ಹುಟ್ಟಿದರು. ಬೆಳೆದುದು ಪೆನ್ಸಿಲ್ವೇನಿಯಾದ ಸ್ಕ್ರಾಂಟನ್ ಎಂಬಲ್ಲಿ. ಅದು ಒಂದು ಕಾಲಕ್ಕೆ ಕಲ್ಲಿದ್ದಲ ಗಣಿಗಳಿಂದ ಹೆಸರು ಪಡೆದು, ಆ ಉದ್ಯಮವು ಬಿದ್ದುಹೋದ ಮೇಲೆ ಕಳೆಗುಂದಿದ ಊರು. ಹದಿಮೂರನೆಯ ವಯಸ್ಸಿನಲ್ಲಿ, ಗೆಳತಿಯೊಬ್ಬಳ ತಂದೆತಾಯಿಗಳ ಖಾಸಗಿ ವ್ಯಾಯಾಮಶಾಲೆಯಲ್ಲಿ, ಅವರಿಗೆ ಈ ವಿದ್ಯೆಯ ಮೊದಲ ಪಾಠವಾಯಿತು. ಮೊದಲು ಕೊರಿಯ ದೇಶದ ತಾಂಗ್ ಸೂ ಡೋ, ಬಳಿಕ ಅದೇ ದೇಶದ ಟೇಕ್ವಾಂಡೋ. ಚೀನೀಯರ ವುಶು, ಉತ್ತರ ಶಾವೊಲಿನ್ ಪದ್ಧತಿ, ಹದ್ದಿನ ಉಗುರೆಂಬ ಹೆಸರುಳ್ಳ ಇನ್ನೊಂದು ಪದ್ಧತಿ, ಹೀಗೆ ಒಂದಾದ ಮೇಲೊಂದನ್ನು ಅಭ್ಯಾಸಮಾಡಿದರು. ನಮ್ಮ ಮಕ್ಕಳು ಬ್ಲ್ಯಾಕ್ ಬೆಲ್ಟ್ ಎನ್ನುವ ಕಪ್ಪು ನಡುಪಟ್ಟಿಯು ಅವರಿಗೆ ಐದಕ್ಕೆ ಕಡಿಮೆಯಿಲ್ಲದ ಪದ್ಧತಿಗಳಲ್ಲಿ ದೊರೆಯಿತು.

ಅವರಿಗೆ ಕೀರ್ತಿ ತಂದುದು ಕುಸ್ತಿಯಂಥ ಕಾದಾಟವಲ್ಲ, ವರಸೆ. ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಗರಡಿಗಳಲ್ಲಿ ದೊಣ್ಣೆವರಸೆ, ಕತ್ತಿವರಸೆ ಎಂಬುವು ಇರುವುವಷ್ಟೆ. ಪೂರ್ವದೇಶಗಳ ಈ ವಿದ್ಯೆಗಳಲ್ಲಿಯೂ ಹೆಜ್ಜೆ, ಹೊಡೆತ, ತಡೆ, ಒದೆತ, ತಿರುವು ಇವನ್ನೆಲ್ಲ ಒಂದು ನಿಯತವಾದ ಕ್ರಮದಲ್ಲಿ ಜೋಡಿಸಿ, ಗುರುಗಳು ಶಿಷ್ಯರಿಗೆ ಒಪ್ಪಿಸಿಕೊಂಡು ಬಂದಿದ್ದಾರೆ. ಜಪಾನೀಯರು ಅದನ್ನು ಕಾತಾ ಎನ್ನುತ್ತಾರೆ. ವರಸೆ ಮಾಡುವವರಿಗೆ ಎದುರಾಳಿಯಿಲ್ಲ. ಬಯಲಿನ ನಡುವೆ ಒಬ್ಬರೇ ನಿಂತು, ಕಣ್ಣಿಗೆ ಕಾಣದ ವೈರಿಗಳು ನಾಲ್ಕು ದಿಕ್ಕಿನಿಂದಲೂ ಬರುತ್ತಿರುವರೆಂದು ಭಾವಿಸಿಕೊಂಡು ಚಲಿಸಬೇಕು. ಹಿಮ್ಮಡಿಯನ್ನು ಎಲ್ಲಿ ಊರಬೇಕು, ದೃಷ್ಟಿ ಎತ್ತ ಇರಬೇಕು, ಉಸಿರನ್ನು ಯಾವ ಗಳಿಗೆಯಲ್ಲಿ ಬಿಡಬೇಕು ಎಂಬುದಕ್ಕೆಲ್ಲ ಕಟ್ಟಳೆಯುಂಟು. ತೀರ್ಪುಗಾರರು ನೋಡಿ ಅಂಕ ಕೊಡುವರು. ಮೈಯ ಭಾರವಾಗಲಿ ತೋಳಿನ ಗಾತ್ರವಾಗಲಿ ಅಲ್ಲಿ ಲೆಕ್ಕಕ್ಕೆ ಬಾರದು. ಸಿಂಥಿಯಾ ಅವರ ಎತ್ತರ ೫ ಅಡಿ ೩ ಅಂಗುಲ ಮಾತ್ರ.

ಈ ಶಾಲೆಯ ಅಂಗಳದಲ್ಲಿ ಲೇಜಿಮು ಹಿಡಿದು ಡ್ರಿಲ್ಲು ಮಾಡಿದವರಿಗೆ ಇದರ ರುಚಿ ಒಂದಿಷ್ಟು ತಿಳಿದೇ ಇರುತ್ತದೆ. ನಾವು ಓದುತ್ತಿದ್ದ ೧೯೮೦ರ ದಶಕದಲ್ಲಿ ನಲವತ್ತು ಹುಡುಗಿಯರು ಒಂದೇ ತಾಳಕ್ಕೆ ಬಾಗಿ ಏಳುತ್ತಿದ್ದೆವು. ಬಿಸಿಲನ್ನು ಶಪಿಸುತ್ತಿದ್ದವರೇ ನಮ್ಮಲ್ಲಿ ಹೆಚ್ಚು. ಆದರೂ ಎಂದೋ ಒಂದು ದಿನ ಕೈಕಾಲುಗಳು ತಾವಾಗಿಯೇ ಸರಿಯಾದ ಜಾಗಕ್ಕೆ ಹೋಗಿ ನಿಲ್ಲುತ್ತಿದ್ದುವು. ಆ ದಿನದ ಸಂತೋಷವು ಪರೀಕ್ಷೆಯಲ್ಲಿ ಅಂಕ ಬಂದಾಗಿನ ಸಂತೋಷದಂಥದಲ್ಲ.

೧೯೮೧ರಿಂದ ೧೯೮೫ರವರೆಗೆ ವರಸೆ ಮತ್ತು ಆಯುಧಪ್ರಯೋಗಗಳ ಸ್ಪರ್ಧೆಗಳಲ್ಲಿ ಸಿಂಥಿಯಾ ಅವರು ಸೋಲನ್ನು ಕಾಣದೆ ಜಗತ್ತಿನ ಅಗ್ರಸ್ಥಾನದಲ್ಲಿದ್ದರು. ಅವರು ಹಿಡಿದ ಆಯುಧಗಳ ಹೆಸರು ಕೇಳಿದರೆ ವಿನೋದವೆನಿಸುತ್ತದೆ: ಜೋಡಿ ಕತ್ತಿ, ಉದ್ದ ಕೋಲು, ಒಂಬತ್ತು ತುಂಡಿನ ಉಕ್ಕಿನ ಸರಪಣಿ, ಕಬ್ಬಿಣದ ಬೀಸಣಿಗೆ, ಮತ್ತು ಓಕಿನಾವಾ ದ್ವೀಪದ ರೈತರದೆಂದು ಹೇಳುವ ಜೋಡಿ ಕುಡುಗೋಲು. ಈ ಸ್ಪರ್ಧೆಗಳು ಗಂಡಸರಿಗೂ ಹೆಂಗಸರಿಗೂ ಸಮನಾಗಿ ತೆರೆದಿದ್ದುವು. ಗಂಡಸರ ಸಾಲಿನಲ್ಲಿಯೇ ನಿಂತು, ಅದೇ ತೀರ್ಪುಗಾರರಿಂದ ಅಂಕ ಪಡೆದು ಗೆಲ್ಲಬೇಕಾಗಿತ್ತು. ಹೆಂಗಸೆಂದು ರಿಯಾಯಿತಿಯೂ ಇಲ್ಲ, ಹೆಂಗಸೆಂದು ಅಡ್ಡಿಯೂ ಇಲ್ಲ. ಇಂಥ ಕಣವು ಅವರಿಗೆ ಮುಂದೆ ಮತ್ತೆ ದೊರೆಯಲಿಲ್ಲವೆಂದು ನಮ್ಮ ಅಭಿಪ್ರಾಯ.

ಚಲಚ್ಚಿತ್ರಕ್ಕೆ ಅವರು ಬಂದುದು ಒಂದು ವಿಚಿತ್ರ ಸಂದರ್ಭದಿಂದ. ಹಾಂಗ್‌ಕಾಂಗಿನ ಗೋಲ್ಡನ್ ಹಾರ್ವೆಸ್ಟ್ ಎಂಬ ಚಿತ್ರಸಂಸ್ಥೆಯು ಬ್ರೂಸ್ ಲೀ ಅವರನ್ನು ಲೋಕಪ್ರಸಿದ್ಧರನ್ನಾಗಿ ಮಾಡಿದುದು ವಾಚಕರಿಗೆ ತಿಳಿದಿರಬಹುದು. ಬ್ರೂಸ್ ಲೀ ಅಮೆರಿಕದಲ್ಲಿ ನಾಯಕನ ಪಾತ್ರ ಸಿಕ್ಕದೆ ಹಾಂಗ್‌ಕಾಂಗಿಗೆ ಹಿಂದಿರುಗಿ ಅಲ್ಲಿ ಜಯಗಳಿಸಿದವರು. ಅವರು ೧೯೭೩ರ ಜುಲೈ ೨೦ರಂದು, ಮೂವತ್ತೆರಡೇ ವಯಸ್ಸಿನಲ್ಲಿ, ತೀರಿಹೋದರು. ಅವರ ಸ್ಥಾನಕ್ಕೆ ಇನ್ನೊಬ್ಬನನ್ನು ಹುಡುಕುತ್ತ ಸಂಸ್ಥೆಯವರು ಹತ್ತು ವರ್ಷಗಳ ಮೇಲೆ ಕ್ಯಾಲಿಫೋರ್ನಿಯಾಕ್ಕೂ ಬಂದರು. ಅವರಿಗೆ ಬೇಕಾಗಿದ್ದವನು ಗಂಡಸು. ಸಿಂಥಿಯಾ ಅವರು ಆಗ ಅಲ್ಲಿ ಊರೂರಿನಲ್ಲಿ ಪ್ರದರ್ಶನ ಕೊಡುತ್ತಿದ್ದ ಒಂದು ತಂಡದಲ್ಲಿದ್ದರು. ತಂಡದವರೊಡನೆ ತಾವೂ ಹೋಗಿ ತಮ್ಮ ವಿದ್ಯೆಯನ್ನು ತೋರಿಸಿದರು. ಬಂದವರು ಗಂಡಸನ್ನು ಹುಡುಕುವುದನ್ನು ಬಿಟ್ಟು ಇವರೊಡನೆ ಕರಾರು ಬರೆದುಕೊಂಡರು.

ಹೀಗೆ ಮಾಡಲು ಹಾಂಗ್‌ಕಾಂಗಿನವರಿಗೆ ಧೈರ್ಯ ಬಂದುದಕ್ಕೆ ಕಾರಣವುಂಟು. ಚೀನದ ಸಂಗೀತನಾಟಕಗಳಲ್ಲಿ ಕತ್ತಿ ಹಿಡಿದು ಕುದುರೆಯೇರುವ ವೀರಸ್ತ್ರೀಯದೇ ಒಂದು ಪ್ರತ್ಯೇಕ ಪಾತ್ರವರ್ಗವಿದೆ. ಹಾಂಗ್‌ಕಾಂಗಿನ ಚಿತ್ರಗಳು ಆ ರಂಗಭೂಮಿಯ ಮಕ್ಕಳು. ೧೯೬೬ರಲ್ಲಿಯೇ ಚೆಂಗ್ ಪೇ-ಪೇ ಎಂಬ ತರುಣಿ ಖಡ್ಗಧಾರಿಣಿಯಾಗಿ ಮುಖ್ಯಪಾತ್ರ ವಹಿಸಿದ್ದರು. ಹೆಣ್ಣು ಕಾದಾಡಿದರೆ ಅಲ್ಲಿಯ ಪ್ರೇಕ್ಷಕರು ಬೆರಗಾಗುತ್ತಿರಲಿಲ್ಲ. ಸರಿಯಾಗಿ ಕಾದಾಡುತ್ತಾಳೆಯೇ ಎಂದು ಮಾತ್ರ ನೋಡುತ್ತಿದ್ದರು.

ಮೊದಲ ಚಿತ್ರವು ೧೯೮೫ರಲ್ಲಿ ಬಂತು. ಅದರ ಹೆಸರು ‘ಯೆಸ್, ಮೇಡಂ’. ನಮ್ಮ ಹಳೆಯ ವಿದ್ಯಾರ್ಥಿನಿಯರು ಈ ಹೆಸರನ್ನು ಓದಿ ನಗದೆ ಇರಲಾರರು. ನಾವು ದಿನಕ್ಕೆ ಎಷ್ಟು ಸಲ ಅಂದ ಮಾತು ಅದು! ದಿಗ್ದರ್ಶಕರು ಕೋರಿ ಯುಯೆನ್. ಇವರು ಬಾಲ್ಯದಲ್ಲಿ ಚೀನೀ ಸಂಗೀತನಾಟಕದ ಶಾಲೆಯೊಂದರಲ್ಲಿ ಕಠಿನವಾದ ಶಿಕ್ಷಣ ಪಡೆದವರು. ಸಿಂಥಿಯಾ ಅವರದು ಬ್ರಿಟಿಷ್ ಪೊಲೀಸ್ ಅಧಿಕಾರಿಣಿಯ ಪಾತ್ರ. ಜೊತೆಗಾತಿಯಾದ ಹಾಂಗ್‌ಕಾಂಗಿನ ಅಧಿಕಾರಿಣಿ ಮಿಷೆಲ್ ಯೋ. ಮಿಷೆಲ್ ಮಲೇಶಿಯಾದ ಇಪೋ ನಗರದವರು. ಇಂಗ್ಲೆಂಡಿನಲ್ಲಿ ಬ್ಯಾಲೆ ನೃತ್ಯ ಕಲಿಯುತ್ತಿದ್ದಾಗ ಬೆನ್ನೆಲುಬಿಗೆ ಪೆಟ್ಟಾಗಿ ನರ್ತಕಿಯಾಗುವ ಆಸೆಯನ್ನು ಬಿಟ್ಟವರು. ಅವರು ಕಾದಾಟವನ್ನು ಕಲಿತುದೇ ಚಿತ್ರಕ್ಕಾಗಿ. ಒಬ್ಬರು ಹದಿಮೂರರಿಂದ ವರಸೆ ಮಾಡಿದವರು, ಇನ್ನೊಬ್ಬರು ನೃತ್ಯದಿಂದ ಬಂದವರು. ಚಿತ್ರದ ಕೊನೆಯ ಕಾದಾಟದಲ್ಲಿ ಇಬ್ಬರೂ ಹೆಗಲೆಣೆಯಾಗಿ ನಿಂತಾಗ ಯಾರು ಯಾರೆಂಬುದನ್ನು ಕಾಲಿನ ಚಲನೆಯಿಂದಲೇ ಗುರುತಿಸಬಹುದು. ಸಿಂಥಿಯಾ ಅವರ ಒದೆತ ನೆಟ್ಟಗೆ ಹೋಗಿ ಅಷ್ಟೇ ನೆಟ್ಟಗೆ ಹಿಂದಿರುಗುತ್ತದೆ. ಮಿಷೆಲ್ ಅವರದು ಬಳ್ಳಿಯಂತೆ ಬಳುಕುತ್ತದೆ.

ಆ ಕಾಲದ ಹಾಂಗ್‌ಕಾಂಗಿನಲ್ಲಿ ಚಿತ್ರ ತೆಗೆಯುವ ಬಗೆಯೇ ಬೇರೆ. ಕಾದಾಟವನ್ನು ಕೆಲವೇ ಏಟುಗಳ ತುಣುಕುಗಳಾಗಿ ಒಡೆದು, ಸ್ಥಳದಲ್ಲಿಯೇ ಹೇಳಿಕೊಟ್ಟು, ಸರಿಬರುವವರೆಗೆ ಮತ್ತೆ ಮತ್ತೆ ಮಾಡಿಸುತ್ತಿದ್ದರು. ಏಟುಗಳು ಎಷ್ಟೋ ಸಲ ನಿಜವಾಗಿಯೇ ಬೀಳುತ್ತಿದ್ದುವು. ಮಾತುಗಳನ್ನು ಮಾತ್ರ ಆ ಸ್ಥಳದಲ್ಲಿ ಮುದ್ರಿಸಿಕೊಳ್ಳುತ್ತಿರಲಿಲ್ಲ. ಚಿತ್ರವಾದ ಬಳಿಕ ಬೇರೆಯವರು ಕ್ಯಾಂಟನೀಸ್ ಭಾಷೆಯಲ್ಲಿ ಆಡಿ ಸೇರಿಸುತ್ತಿದ್ದರು. ಹೀಗಾಗಿ ಸಿಂಥಿಯಾ ಅವರ ಮೊದಲ ಚಿತ್ರಗಳಲ್ಲಿ ಕೇಳಿಬರುವ ಕಂಠ ಅವರದಲ್ಲ. ತುಟಿಯಲ್ಲಿ ಇಂಗ್ಲಿಷು, ಕಿವಿಗೆ ಚೀನೀ ಮಾತು. ಆದರೆ ಆ ಒದೆತ, ಆ ಜಿಗಿತ, ಹಿಂದಿನಿಂದ ತಬ್ಬಿ ಹಿಡಿದ ವೈರಿಯ ಮುಖಕ್ಕೆ ತಮ್ಮ ತಲೆಯ ಮೇಲಿಂದಲೇ ಕಾಲೆತ್ತಿ ಹೊಡೆಯುವ, ಚೇಳಿನ ಕೊಂಡಿಯ ಹೆಸರು ಪಡೆದ ಆ ಪಟ್ಟು, ಇವನ್ನು ಇನ್ನೊಬ್ಬರಿಂದ ಆಡಿಸಿ ಸೇರಿಸುವುದು ಸಾಧ್ಯವಿರಲಿಲ್ಲ.

ಚಿತ್ರವು ಚೆನ್ನಾಗಿ ಓಡಿತು. ಅವರು ೧೯೮೮ರವರೆಗೆ ಹಾಂಗ್‌ಕಾಂಗಿನಲ್ಲಿಯೇ ನಿಂತು ಏಳು ಚಿತ್ರಗಳಲ್ಲಿ ನಟಿಸಿದರು. ಅವುಗಳಲ್ಲಿ ನಮಗೆ ಉತ್ತಮವೆಂದು ತೋರುವುದು ೧೯೮೬ರ ‘ರೈಟಿಂಗ್ ರಾಂಗ್ಸ್’. ಇದರಲ್ಲಿ ಅವರಿಗೆ ಎದುರಾಗಿ ನಿಂತವರು ಕರೆನ್ ಶೆಪರ್ಡ್. ಅವರೂ ಅಮೆರಿಕದ ವರಸೆಯ ಸ್ಪರ್ಧೆಗಳಲ್ಲಿ ಅಗ್ರಸ್ಥಾನ ಪಡೆದವರು. ಇಬ್ಬರು ನಿಜವಾದ ವಿದ್ಯಾವತಿಯರು ತೆರೆಯ ಮೇಲೆ ಕಾದುವುದನ್ನು ನೋಡುವ ಅವಕಾಶ ಅಪರೂಪ. ಚಿತ್ರದ ಮೂಲ ಮುಕ್ತಾಯದಲ್ಲಿ ನಾಯಕನೂ ನಾಯಿಕೆಯೂ ಇಬ್ಬರೂ ಸಾಯುತ್ತಾರೆ. ಅದು ಎಲ್ಲರಿಗೂ ಸಹಿಸಲಾರದೆಂದು ಇನ್ನೊಂದು ಮುಕ್ತಾಯವನ್ನೂ ತೆಗೆದಿಟ್ಟರು.

ಇವರ ಚಿತ್ರವೊಂದನ್ನು ನಾವು ಮೊದಲು ನೋಡಿದುದು ಶಾಲೆ ಬಿಟ್ಟ ಮೇಲೆ, ಬೇಸಗೆಯ ರಜೆಯಲ್ಲಿ, ಬಾಡಿಗೆಗೆ ತಂದ ವಿಡಿಯೋ ಕ್ಯಾಸೆಟ್ಟಿನಲ್ಲಿ. ನಡುಮನೆಯಲ್ಲಿ ಚಾಪೆ ಹಾಸಿಕೊಂಡು ನಾವು ನಾಲ್ಕೈದು ಮಂದಿ ಗೆಳತಿಯರು ಕುಳಿತಿದ್ದೆವು. ಹಿಂದೆ ಅಜ್ಜಿಯವರು ಹುಣಿಸೆಹಣ್ಣು ಬಿಡಿಸುತ್ತಿದ್ದರು. ಚೇಳಿನ ಪಟ್ಟು ಬಂದಾಗ ಅವರ ಕೈ ನಿಂತಿತು. “ಅಯ್ಯೋ, ಆ ಹುಡುಗಿಯ ಸೊಂಟ ಉಳುಕೀತಲ್ರೇ!” ಎಂದರು. “ಅಜ್ಜಿ, ಅದು ಸಿನಿಮಾ” ಎಂದು ನಮ್ಮಲ್ಲೊಬ್ಬಳು ಸಮಾಧಾನ ಹೇಳಿದಳು. ಅಜ್ಜಿ ಒಪ್ಪಲಿಲ್ಲ. “ಸಿನಿಮಾ ಆದರೇನು, ಕಾಲು ಅವಳದೇ ತಾನೆ?” ಎಂದರು. ಸಿಂಥಿಯಾ ಅವರನ್ನು ಕುರಿತು ವಿಮರ್ಶಕರು ಬರೆದುದರಲ್ಲಿ ಇದಕ್ಕಿಂತ ಸರಿಯಾದ ಮಾತನ್ನು ನಾವು ಓದಿಲ್ಲ.

ಅಮೆರಿಕಕ್ಕೆ ಹಿಂದಿರುಗಿದ ಮೇಲಿನ ಕಥೆ ಬೇರೆ. ‘ಚೈನಾ ಓಬ್ರಯನ್’ ಎಂಬ ಚಿತ್ರವನ್ನು ರಾಬರ್ಟ್ ಕ್ಲೌಸ್ ದಿಗ್ದರ್ಶಿಸಿದರು. ಬ್ರೂಸ್ ಲೀ ಅವರ ‘ಎಂಟರ್ ದ ಡ್ರ್ಯಾಗನ್’ ಚಿತ್ರವನ್ನು ೧೯೭೩ರಲ್ಲಿ ತೆಗೆದವರು ಇವರೇ. ದುಷ್ಟರ ಕೈಗೆ ಸಿಕ್ಕಿದ ಹುಟ್ಟೂರಿಗೆ ಹಿಂದಿರುಗಿ, ತಂದೆಯ ಪೊಲೀಸ್ ಅಧಿಕಾರಕ್ಕೆ ತಾನೇ ಚುನಾವಣೆಗೆ ನಿಲ್ಲುವ ಮಗಳ ಕಥೆ ಅದು. ಅದರ ಎರಡನೆಯ ಭಾಗವೂ ಬಂತು. ‘ಟೈಗರ್ ಕ್ಲಾಸ್’, ಇಂಡೋನೇಶಿಯಾದಲ್ಲಿ ತೆಗೆದ ‘ಲೇಡಿ ಡ್ರ್ಯಾಗನ್’ ಮೊದಲಾದುವು ಹಿಂಬಾಲಿಸಿದುವು. ಇವುಗಳಲ್ಲಿ ಬಹುಪಾಲು ದೊಡ್ಡ ಚಿತ್ರಮಂದಿರಗಳನ್ನು ಕಾಣದೆ ನೇರವಾಗಿ ಕ್ಯಾಸೆಟ್ಟಿನ ಅಂಗಡಿಗೆ ಹೋದುವು. ಅದೇ ಕಾಲದಲ್ಲಿ ಅಮೆರಿಕದ ದೊಡ್ಡ ಕಂಪೆನಿಗಳು ಇದೇ ಬಗೆಯ ಗಂಡಸು ನಟರ ಮೇಲೆ ಹಣ ಸುರಿಯುತ್ತಿದ್ದುವು. ಹೆಣ್ಣೊಬ್ಬಳ ಹೆಸರಿನ ಮೇಲೆ ಇಂಥ ಚಿತ್ರವು ಓಡದೆಂಬುದು ಅಲ್ಲಿಯ ವರ್ತಕರ ನಂಬಿಕೆ. ಸ್ಪರ್ಧೆಯ ಕಣದಲ್ಲಿ ಗಂಡಸರ ಸಾಲಿನಲ್ಲಿ ನಿಲ್ಲಲು ಬಿಟ್ಟ ದೇಶವು ಬೆಳ್ಳಿತೆರೆಯ ಮೇಲೆ ಬಿಡಲಿಲ್ಲ. ಪಕ್ಷಪಾತವಿಲ್ಲದೆ ಇನ್ನೊಂದನ್ನೂ ಹೇಳಬೇಕು: ಈ ಚಿತ್ರಗಳ ಕಥೆಗಳು ಬಹಳ ತೆಳುವು, ಕೆಲವು ಮಕ್ಕಳಿಗೆ ತಕ್ಕುವಲ್ಲ, ಮಾತು ಭಾವಗಳ ಅಭಿನಯದಲ್ಲಿ ಸಿಂಥಿಯಾ ಅವರು ಮೇಲ್ತರಗತಿಯವರೆಂದು ನಾವು ವಾದಿಸುವುದಿಲ್ಲ.

ಇನ್ನು ಪೋಷಕರಲ್ಲಿ ಒಂದು ಮಾತು. ನಮ್ಮ ತರಗತಿಯ ಗೆಳತಿಯೊಬ್ಬಳು ಹದಿನಾಲ್ಕನೆಯ ವಯಸ್ಸಿನಲ್ಲಿ ಕರಾಟೆ ಕಲಿಯಬೇಕೆಂದು ಬಹಳ ಹಂಬಲಿಸಿದಳು. ಮೂರು ವಾರ ಹೋದಳು. ನಾಳೆ ಮದುವೆಯಾಗಬೇಕಾದ ಹುಡುಗಿ ಕೈಕಾಲು ಮುರಿದುಕೊಂಡರೆ ಯಾರು ಹೊಣೆಯೆಂದು ಹಿರಿಯರು ತಡೆದರು. ಹೇಳಿದವರು ಕೆಟ್ಟವರಲ್ಲ, ಅವಳ ಒಳಿತನ್ನೇ ಬಯಸಿದವರು. ಅವಳು ಇಂದಿಗೂ ಆ ಮೂರು ವಾರಗಳಲ್ಲಿ ಕಲಿತ ಮೊದಲ ವರಸೆಯ ಅರ್ಧವನ್ನು ತಪ್ಪದೆ ಮಾಡಿ ತೋರಿಸುತ್ತಾಳೆ. ಅರ್ಧಕ್ಕೆ ಬಂದಾಗ ನಕ್ಕು ನಿಲ್ಲಿಸುತ್ತಾಳೆ. ಓಬವ್ವನ ಒನಕೆಯನ್ನು ನಾವೆಲ್ಲರೂ ಹಾಡಿ ಹೊಗಳುವವರು, ಆದರೆ ಸ್ವಂತ ಮಗಳು ಕೋಲು ತಿರುಗಿಸುತ್ತೇನೆಂದರೆ ಅಂಗಳದ ಬಾಗಿಲು ಹಾಕುತ್ತೇವೆ. ಇದರಿಂದ ಏನು ಪ್ರಯೋಜನವೆಂದು ಕೇಳುವಿರಿ. ದಾರಿಯಲ್ಲಿ ಕಳ್ಳನನ್ನು ಹೊಡೆದೋಡಿಸುವಳೆಂದು ನಾವು ಭರವಸೆ ಕೊಡಲಾರೆವು. ಮಗಳು ನಿಲ್ಲುವ ಬಗೆಯು ಬದಲಾಗುವುದನ್ನು ಮಾತ್ರ ನಮ್ಮ ಮನೆಗಳಲ್ಲಿಯೇ ಕಂಡಿದ್ದೇವೆ. ನಮ್ಮ ಹೆಣ್ಣುಮಕ್ಕಳಲ್ಲಿ ಮೂವರು ಈಗ ವಾರಕ್ಕೆ ಎರಡು ದಿನ ಕಲಿಯಲು ಹೋಗುತ್ತಾರೆ. ಈವರೆಗೆ ಮುರಿದುದು ಒಂದು ಕಿರುಬೆರಳು, ಅದೂ ಮನೆಯ ಬಾಗಿಲಿಗೆ ಸಿಕ್ಕಿ.

ಮಿಷೆಲ್ ಯೋ ಅವರು ೨೦೨೩ರಲ್ಲಿ, ಅರುವತ್ತನೆಯ ವಯಸ್ಸಿನಲ್ಲಿ, ಪ್ರಧಾನ ನಟಿಯ ಆಸ್ಕರ್ ಪಾರಿತೋಷಕವನ್ನು ಪಡೆದರು. ಅವರ ಮೊದಲ ಕಾದಾಟದ ಚಿತ್ರದಲ್ಲಿ ಪಕ್ಕದಲ್ಲಿ ನಿಂತಿದ್ದವರು ಯಾರೆಂದು ಆಗ ಅನೇಕರು ಹಳೆಯ ಚಿತ್ರವನ್ನು ತೆಗೆದು ನೋಡಿದರು. ಸಿಂಥಿಯಾ ಅವರಿಗೆ ಅಂಥ ಪಾರಿತೋಷಕ ಬರಲಿಲ್ಲ. ಐವತ್ತಕ್ಕೂ ಮಿಕ್ಕ ಚಿತ್ರಗಳಲ್ಲಿ ನಟಿಸಿ, ನಡುವೆ ಹಲವು ವರ್ಷ ತೆರೆಯಿಂದ ದೂರವಿದ್ದು ಪಾಠ ಹೇಳುವುದರಲ್ಲಿ ಕಳೆದು, ೨೦೧೪ರಲ್ಲಿ ‘ಮರ್ಸಿನರೀಸ್’ ಎಂಬ ಚಿತ್ರದಲ್ಲಿ ಮತ್ತೆ ಕಾಣಿಸಿಕೊಂಡರು. ಅರುವತ್ತು ದಾಟಿದ ಮೇಲೆ, ಕಂಪೆನಿಗಳ ಬಾಗಿಲಲ್ಲಿ ಕಾಯದೆ, ಅಭಿಮಾನಿಗಳು ಕೂಡಿಸಿಕೊಟ್ಟ ಹಣದಿಂದ ‘ಬ್ಲ್ಯಾಕ್ ಕ್ರೀಕ್’ ಎಂಬ ಚಿತ್ರವನ್ನು ತಾವೇ ನಿರ್ಮಿಸಿದರು. ಅಗಲವಾದ ಟೊಪ್ಪಿಗೆಯಿಟ್ಟು ಕುದುರೆಗಳ ನಡುವೆ ನಡೆಯುವ, ಅಮೆರಿಕದ ಹಳೆಯ ಪಶ್ಚಿಮಸೀಮೆಯ ಕಥೆ. ಅದರಲ್ಲಿ ನಾಯಿಕೆಯ ಪಾತ್ರವೂ ಅವರದೇ, ಕಂಠವೂ ಅವರದೇ.